ಮಲಪ್ರಭೆಯ ಸೀಮೆಯಲ್ಲಿ ಹಲ್ಲಿನ ಆರೈಕೆ: ಒಂದು ದೂರದ ಚರಿತ್ರೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಮಲಪ್ರಭೆಯ ಆಸುಪಾಸಿನಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಎಂಬ ನಾಲ್ಕು ಪಟ್ಟಣಗಳು ತಮ್ಮ ಹಳ್ಳಿಗಳೊಡನೆ ಹರಡಿಕೊಂಡಿವೆ. ಚರಿತ್ರೆಯ ಗ್ರಂಥಗಳು ಈ ಸೀಮೆಯನ್ನು ರಟ್ಟರ ರಾಜಧಾನಿಗಾಗಿ, ಯಲ್ಲಮ್ಮನ ಗುಡ್ಡಕ್ಕಾಗಿ, 1824ರಲ್ಲಿ ರಾಣಿ ಚನ್ನಮ್ಮ ಕಂಪನಿ ಸರ್ಕಾರದ ವಿರುದ್ಧ ನಡೆಸಿದ ಯುದ್ಧಕ್ಕಾಗಿ ಮತ್ತು 1939ರಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಎದ್ದುನಿಂತ ಚಳವಳಿಗಾಗಿ ನೆನೆಯುತ್ತವೆ. ಇದೇ ನೆಲದ ಜನ ತಮ್ಮ ಬಾಯಿಯನ್ನು ಹೇಗೆ ಕಾಪಾಡಿಕೊಂಡರು, ಹಲ್ಲುನೋವು ಬಂದಾಗ ಯಾರ ಬಳಿಗೆ ಹೋದರು, ಹೋದಲ್ಲಿ ಅವರಿಗೆ ಏನು ದೊರೆಯಿತು ಎಂಬ ಪ್ರಶ್ನೆಗಳು ಆ ಗ್ರಂಥಗಳ ಹೊರಗೇ ಉಳಿದಿವೆ. ಆದರೆ ಅರಸರ ಏಳುಬೀಳುಗಳಿಗಿಂತ ಹೆಚ್ಚು ಕಾಲ, ಹೆಚ್ಚು ಮನೆಗಳನ್ನು ಕಾಡಿದ ನೋವು ಅದು. ಈ ಸೀಮೆಯ ಹಲ್ಲಿನ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ, ರೋಗದ ಅರಿವಾಗಲಿ ಔಷಧಿಯ ಅರಿವಾಗಲಿ ಇಲ್ಲಿ ತೀರ ಕಡಿಮೆಯಿತ್ತು ಎನ್ನಲಾಗದು. ನುರಿತ ಕೈ ಇರುವ ಊರಿಗೂ ನೋವಿರುವ ಊರಿಗೂ ನಡುವೆ ಇದ್ದ ದಾರಿಯೇ ಇಲ್ಲಿನ ಹಲ್ಲುಗಳ ಹಣೆಬರಹವನ್ನು ಬಹುಪಾಲು ತೀರ್ಮಾನಿಸಿತು.

ಹಳೆಯ ಪದ್ಧತಿಗಳಿಂದ ಆರಂಭಿಸುವುದು ಉಚಿತ. ಸವದತ್ತಿಯ ರಟ್ಟರು ಯಾರ ಮಾಂಡಲಿಕರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿಯೇ ಕನ್ನಡದ ಮೊದಲ ಲೋಕೋಪಯೋಗಿ ಶಾಸ್ತ್ರಗ್ರಂಥಗಳು ಹುಟ್ಟಿದವು. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ವು ನೀರು, ಅಡುಗೆ, ಸುಗಂಧದ್ರವ್ಯಗಳೊಡನೆ ವೈದ್ಯವನ್ನೂ ದಿನಬಳಕೆಯ ವಿದ್ಯೆಯೆಂದೇ ಎಣಿಸಿತು, ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಅರಸನ ಭೋಗಗಳಲ್ಲಿ ತಾಂಬೂಲಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿತು. ಇವುಗಳಿಗೂ ಹಿಂದಿನ ಸುಶ್ರುತಸಂಹಿತೆಯು ಬಾಯಿಯ ರೋಗಗಳನ್ನು ತುಟಿ, ಒಸಡು, ಹಲ್ಲು, ನಾಲಗೆ, ಅಂಗುಳ, ಗಂಟಲು ಮತ್ತು ಇಡೀ ಬಾಯಿ ಎಂದು ಏಳು ನೆಲೆಗಳಲ್ಲಿ ವಿಂಗಡಿಸಿ ಅರವತ್ತೈದು ಬಗೆಗಳನ್ನು ಹೇಳಿತ್ತು. ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪದ ಕಡ್ಡಿಯಿಂದ ಹಲ್ಲುಜ್ಜಬೇಕೆಂದು ಅಳತೆಯನ್ನೂ ಸೂಚಿಸಿತ್ತು. ಎಣ್ಣೆಯನ್ನೋ ಕಷಾಯವನ್ನೋ ಬಾಯಿತುಂಬ ಹಿಡಿದಿಟ್ಟು ಉಗುಳುವ ಗಂಡೂಷವೆಂಬ ಕ್ರಮವೂ ಅದೇ ಪರಂಪರೆಯದು.

ಗ್ರಂಥಗಳ ವಿದ್ಯೆ ಹಳ್ಳಿಗಳವರೆಗೆ ಎಷ್ಟು ಇಳಿಯಿತೋ, ಹಳ್ಳಿಗಳ ರೂಢಿ ಗ್ರಂಥಗಳಿಗೆ ಎಷ್ಟು ಏರಿತೋ, ಕಡ್ಡಿಯಂತೂ ಎರಡೂ ಕಡೆ ಒಂದೇ ಆಗಿತ್ತು. ಎರೆಹೊಲಗಳ ಬದುವಿನ ಜಾಲಿ ಮತ್ತು ಮನೆಮುಂದಿನ ಬೇವು ಈ ಸೀಮೆಯ ಹಲ್ಲುಜ್ಜುವ ಸಾಧನಗಳಾಗಿದ್ದವು. ಕಡ್ಡಿಯ ತುದಿಯನ್ನು ಅಗಿದು ಕುಂಚದಂತೆ ಮಾಡಿಕೊಂಡು ತಾಳ್ಮೆಯಿಂದ ಉಜ್ಜಿದಾಗ ಹಲ್ಲಿನ ಮೇಲೆ ಕಟ್ಟುವ ಲೋಳೆಯ ಪದರ ತೊಲಗುತ್ತದೆ. ದಂತವೈದ್ಯರು ಪ್ಲೇಕ್ ಎಂದು ಕರೆಯುವ ಈ ಪದರ ಸೂಕ್ಷ್ಮಜೀವಿಗಳ ನೆಲೆ. ಅದನ್ನು ದಿನವೂ ತೆಗೆಯುವುದೇ ಹಲ್ಲುಜ್ಜುವುದರ ಮುಖ್ಯ ಪ್ರಯೋಜನ. ಒಲೆಯ ಇದ್ದಲಿ, ಕುಳ್ಳಿನ ಬೂದಿ, ಕಲ್ಲುಪ್ಪುಗಳೂ ಬಳಕೆಯಲ್ಲಿದ್ದವು. ಇವು ಹಲ್ಲನ್ನು ಬೆಳ್ಳಗೆ ಮಾಡಿದರೂ ವರ್ಷಗಟ್ಟಲೆ ತಿಕ್ಕಿದಾಗ ಹಲ್ಲಿನ ಹೊರಗವಚವಾದ ಎನಾಮಲ್ಲನ್ನು ಸವೆಸುತ್ತವೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿಗಳ ಊಟದಲ್ಲಿ ಸಕ್ಕರೆಯ ಪಾಲು ಅತ್ಯಲ್ಪವಾಗಿತ್ತು ಮತ್ತು ಅಗಿಯುವ ಕೆಲಸ ಹೆಚ್ಚಾಗಿತ್ತು. ಆದ್ದರಿಂದ ಹಳಬರ ಹಲ್ಲು ಗಟ್ಟಿಯಾಗಿತ್ತೆಂಬ ಜನರ ನಂಬಿಕೆಯಲ್ಲಿ ಸತ್ಯದ ಅಂಶವಿದೆ; ಆದರೆ ಅದು ಮುಖ್ಯವಾಗಿ ಹುಳುಕಿಗೆ ಸಂಬಂಧಿಸಿದ ಸತ್ಯವೇ ಹೊರತು ಒಸಡಿನ ರೋಗಕ್ಕೆ ಅಷ್ಟಾಗಿ ಸಂಬಂಧಿಸಿದ್ದಲ್ಲ.

ತಾಂಬೂಲದ ಜೊತೆಗೆ ಹೊಗೆಸೊಪ್ಪು ಸೇರಿದ್ದು ಈ ಚರಿತ್ರೆಯ ದೊಡ್ಡ ತಿರುವು. ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದ ತಂಬಾಕು ಹದಿನೇಳನೆಯ ಶತಮಾನದ ಮೊದಲ ವರ್ಷಗಳಷ್ಟರಲ್ಲಿಯೇ ಆದಿಲಶಾಹಿಗಳ ಬಿಜಾಪುರದಲ್ಲಿ ಹೆಸರಾಗಿತ್ತು. ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ಮೊದಲು ಕಂಡು ಮೊಗಲ್ ದರ್ಬಾರಿಗೆ ಒಯ್ದದ್ದು ಬಿಜಾಪುರದಿಂದಲೇ. ಬೆಳಗಾವಿ, ಸವದತ್ತಿಗಳು ಆಗ ಬಿಜಾಪುರದ ಆಡಳಿತಕ್ಕೆ ಸೇರಿದ್ದವು. ಮುಂದೆ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿನ ದೊಡ್ಡ ಪೇಟೆಯಾಗಿ ಬೆಳೆಯಿತು. ಸುಣ್ಣದೊಡನೆ ಅಂಗೈಯಲ್ಲಿ ತಿಕ್ಕಿ ಒಸಡಿನ ಸಂದಿಯಲ್ಲಿಡುವ ತಂಬಾಕು ಗಂಡಸರ ಚಟವಾಯಿತು. ಹುರಿದು ಕರ್ರಗಾಗಿಸಿ ಪುಡಿಮಾಡಿದ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವ ರೂಢಿ ಮಹಾರಾಷ್ಟ್ರದಲ್ಲಿಯೂ ಅದಕ್ಕೆ ಹೊಂದಿಕೊಂಡ ಉತ್ತರ ಕರ್ನಾಟಕದಲ್ಲಿಯೂ ಹೆಂಗಸರಲ್ಲಿ ಬೇರೂರಿತು. ಮಿಶ್ರಿಯನ್ನು ಚಟವೆಂದು ಯಾರೂ ಎಣಿಸಲಿಲ್ಲ. ಅದು ಹಲ್ಲುಜ್ಜುವ ಪುಡಿಯೆಂದೇ ಮನೆಯೊಳಗೆ ಬಂದಿತು. ಹಲ್ಲು ನೋಯುವಾಗ ತಂಬಾಕಿನ ಎಸಳನ್ನು ಅದರ ಮೇಲಿಟ್ಟರೆ ಕೆಲಹೊತ್ತು ಜೋಮು ಹಿಡಿದಂತಾಗಿ ನೋವು ಮಂಕಾಗುತ್ತದೆ. ಹೀಗೆ ನೋವಿನ ಮದ್ದಾಗಿ ಶುರುವಾದದ್ದು ದಿನದ ಅಗತ್ಯವಾಗಿ, ಕೊನೆಗೆ ಒಸಡನ್ನೂ ಕೆನ್ನೆಯ ಒಳಪದರವನ್ನೂ ಕೆಡಿಸುವ ಕಾರಣವಾಗಿ ಮಾರ್ಪಟ್ಟಿತು. ಹಲ್ಲಿನ ವೈದ್ಯ ಹತ್ತಿರದಲ್ಲಿದ್ದಿದ್ದರೆ ಈ ದಾರಿಯಲ್ಲಿ ಎಷ್ಟು ಜನ ನಡೆಯುತ್ತಿರಲಿಲ್ಲ ಎಂಬುದು ಗಂಭೀರವಾಗಿ ಯೋಚಿಸಬೇಕಾದ ಮಾತು.

ಹುಳುಕು ಹಲ್ಲಿನಲ್ಲಿ ನಿಜವಾದ ಹುಳವಿದೆಯೆಂಬ ನಂಬಿಕೆ ಜಗತ್ತಿನ ಬಹುತೇಕ ನಾಡುಗಳಲ್ಲಿದ್ದಂತೆ ಇಲ್ಲಿಯೂ ಇತ್ತು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ಬಾಯಿಗೆ ಹಿಡಿಯುವ ಚಿಕಿತ್ಸೆ ಆಯುರ್ವೇದದಲ್ಲಿಯೂ ನಾಟಿ ವೈದ್ಯದಲ್ಲಿಯೂ ಪ್ರಸಿದ್ಧ. ಹೊಗೆ ತಾಗಿದ ಮೇಲೆ ಉದುರುವ ಬೀಜದ ಒಳತಿರುಳು ಹುಳದಂತೆಯೇ ಕಾಣುವುದರಿಂದ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಫ್ರಾನ್ಸಿನ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯದ ಗ್ರಂಥದಲ್ಲಿ ಇಂಥ ಹುಳಗಳು ತನಗೆ ಕಂಡಿಲ್ಲವೆಂದು ಬರೆದ. 1890ರಲ್ಲಿ ಬರ್ಲಿನ್ನಿನಲ್ಲಿದ್ದ ಅಮೆರಿಕದ ವಿಜ್ಞಾನಿ ವಿಲೋಬಿ ಮಿಲ್ಲರ್, ಬಾಯಿಯ ಸೂಕ್ಷ್ಮಜೀವಿಗಳು ಹಿಟ್ಟು ಮತ್ತು ಸಿಹಿಯ ಪದಾರ್ಥಗಳನ್ನು ಹುದುಗಿಸಿ ಹುಟ್ಟಿಸುವ ಆಮ್ಲವೇ ಹಲ್ಲನ್ನು ಕರಗಿಸುತ್ತದೆಂದು ತೋರಿಸಿದ. ಹುಳುಕು ಎಂದರೆ ಇದೇ: ಆಮ್ಲ ಎನಾಮಲ್ಲನ್ನು ಕರಗಿಸುತ್ತದೆ, ತೂತು ಒಳಗಿನ ಮೆದುಪದರವನ್ನು ದಾಟಿ ನರವೂ ರಕ್ತನಾಳವೂ ಇರುವ ತಿರುಳನ್ನು ಮುಟ್ಟುತ್ತದೆ, ಅಲ್ಲಿಂದ ಸೋಂಕು ಬೇರಿನ ತುದಿಗಿಳಿದು ದವಡೆಯ ಎಲುಬಿನಲ್ಲಿ ಕೀವು ಕಟ್ಟುತ್ತದೆ. ಮೊದಲ ಹಂತದಲ್ಲಿ ನೋವಿಲ್ಲ. ನೋವು ಬರುವ ಹೊತ್ತಿಗೆ ಸುಲಭದ ಚಿಕಿತ್ಸೆಯ ಕಾಲ ಕಳೆದುಹೋಗಿರುತ್ತದೆ. ದೂರದ ಹಳ್ಳಿಗಳಿಗೆ ಈ ರೋಗ ಇಷ್ಟು ಕ್ರೂರವಾಗಿರುವುದಕ್ಕೆ ಅದರ ಈ ಸ್ವಭಾವವೇ ಮೂಲ ಕಾರಣ.

ನೋವು ತಡೆಯಲಾಗದೆ ಹೋದಾಗ ಉಳಿಯುತ್ತಿದ್ದದ್ದು ಹಲ್ಲು ಕೀಳಿಸುವ ದಾರಿ ಒಂದೇ. ಭಾರತದ ಬಹುಭಾಗಗಳಲ್ಲಿ ಕ್ಷೌರಿಕ ಸಮುದಾಯದವರು ಕುರು ಕೊಯ್ಯುವ, ಕೆಟ್ಟ ರಕ್ತ ತೆಗೆಯುವ, ಹಲ್ಲು ಕೀಳುವ ಸಣ್ಣ ಶಸ್ತ್ರವೈದ್ಯವನ್ನೂ ಮಾಡುತ್ತಿದ್ದರು. ಬಸವಣ್ಣನ ಒಡನಾಡಿ ಹಡಪದ ಅಪ್ಪಣ್ಣನನ್ನು ಆರಾಧಿಸುವ ಈ ಸಮುದಾಯದ ಕೈಚಳಕಕ್ಕೆ ಚರಿತ್ರೆ ಸಲ್ಲಿಸಬೇಕಾದ ಗೌರವ ಇನ್ನೂ ಸಂದಿಲ್ಲ. ಓದಿದ ವೈದ್ಯರು ಮುಟ್ಟಲು ಹಿಂಜರಿದ ಕೀವು ರಕ್ತಗಳನ್ನು ಶತಮಾನಗಳ ಕಾಲ ಮುಟ್ಟಿದವರು ಅವರು. ಇವರಲ್ಲದೆ ಸಂತೆ ಜಾತ್ರೆಗಳಲ್ಲಿ ನೆಲದ ಮೇಲೆ ಬಟ್ಟೆ ಹಾಸಿ, ಇಕ್ಕಳವನ್ನೂ ಪುಡಿಯ ಸೀಸೆಗಳನ್ನೂ ಇಟ್ಟುಕೊಂಡು ಕೂರುವ ಅಲೆಮಾರಿ ಹಲ್ಲುವೈದ್ಯರೂ ಇದ್ದರು. ಅವರ ಕೈಗೆ ಅರಿವಳಿಕೆಯೂ ಇರಲಿಲ್ಲ, ಸಲಕರಣೆಯನ್ನು ಕುದಿಸುವ ಪದ್ಧತಿಯೂ ಇರಲಿಲ್ಲ. ಮುರಿದು ಒಳಗುಳಿದ ಬೇರು ಮತ್ತೆ ಕೀವಾಗುತ್ತಿತ್ತು. ಕೆಳದವಡೆಯ ಹಿಂದಿನ ಹಲ್ಲುಗಳ ಸೋಂಕು ನಾಲಗೆಯ ಕೆಳಗೂ ಕುತ್ತಿಗೆಗೂ ಹಬ್ಬಿದರೆ ಉಸಿರಿನ ದಾರಿ ಮುಚ್ಚಿ ಸಾವು ಬರುತ್ತಿತ್ತು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಈ ಸ್ಥಿತಿಯನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಅದೇ 1836ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಡಿಸಿ ಬೆಳಗಾವಿ ಜಿಲ್ಲೆಯನ್ನು ರಚಿಸಲಾಯಿತು. ಹನ್ನೆರಡು ವರ್ಷಗಳ ಹಿಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದಿದ್ದ. ಸೆರೆಯಾದ ಚನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಹೊಸ ಆಡಳಿತದಲ್ಲಿ ಕಿತ್ತೂರು ಮತ್ತು ಬೈಲಹೊಂಗಲಗಳು ಸಂಪಗಾಂವ ತಾಲ್ಲೂಕಿಗೆ, ಸವದತ್ತಿ ಪರಸಗಡ ತಾಲ್ಲೂಕಿಗೆ ಸೇರಿದವು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿ ಉಳಿಯಿತು. ಬೆಳಗಾವಿಯ ದಂಡುಪ್ರದೇಶ ಮತ್ತು ಸಿವಿಲ್ ಆಸ್ಪತ್ರೆ ಜಿಲ್ಲೆಯ ಆಧುನಿಕ ವೈದ್ಯದ ಕೇಂದ್ರಗಳಾದವು. ಹೊರಗಿನ ಊರುಗಳಿಗೆ ದೊರೆತದ್ದು ದವಾಖಾನೆಗಳು. ದವಾಖಾನೆ ಎಂದರೆ ಒಬ್ಬ ಆಸ್ಪತ್ರೆ ಸಹಾಯಕ, ಒಬ್ಬ ಕಾಂಪೌಂಡರ್, ಕೆಲವು ಬಾಟಲಿಗಳು, ಸಿಡುಬಿನ ಲಸಿಕೆ, ಜ್ವರಕ್ಕೆ ಕ್ವಿನೈನ್. ಅಲ್ಲಿ ಹಲ್ಲಿಗೆ ಸಿಗಬಹುದಾಗಿದ್ದದ್ದು ಇಕ್ಕಳ ಮಾತ್ರ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಹಾಳುಗೆಡವಿದಾಗ ಸರ್ಕಾರದ ಆರೋಗ್ಯ ಇಲಾಖೆಯ ಗಮನವೆಲ್ಲ ಸಾವನ್ನು ಎಣಿಸುವುದರಲ್ಲಿಯೂ ತಡೆಯುವುದರಲ್ಲಿಯೂ ಮುಗಿದುಹೋಯಿತು. ಕೊಲ್ಲುವ ರೋಗಗಳ ಮುಂದೆ ಕಾಡುವ ರೋಗ ಹಿಂದೆ ಸರಿಯಿತು. ಪ್ಲೇಗು ಹೋದ ಮೇಲೂ ಅದು ಹಿಂದೆಯೇ ನಿಂತಿತು.

ರೈಲು ಕೂಡ ಇಲ್ಲಿಗೆ ಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಒಂದು ಮಾರ್ಗ ಧಾರವಾಡ, ಲೋಂಡಾ, ಬೆಳಗಾವಿಗಳ ಮೂಲಕ ಪುಣೆಯ ಕಡೆಗೂ ಇನ್ನೊಂದು ಗದಗ, ಬದಾಮಿ, ಬಾಗಲಕೋಟೆಗಳ ಮೂಲಕ ಸೊಲ್ಲಾಪುರದ ಕಡೆಗೂ ಹೋದವು. ಈ ಎರಡರ ನಡುವಿನ ನೆಲವೇ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆ. ಈ ಊರುಗಳಲ್ಲಿ ಇಂದಿಗೂ ರೈಲು ನಿಲ್ದಾಣವಿಲ್ಲ. ಬೈಲಹೊಂಗಲದಿಂದ ಬೆಳಗಾವಿಗೆ ಸುಮಾರು 45 ಕಿಲೋಮೀಟರ್, ಸವದತ್ತಿಯಿಂದ ಧಾರವಾಡಕ್ಕೆ ಸುಮಾರು 40, ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100. ಹೆದ್ದಾರಿಯ ಮೇಲಿರುವ ಕಿತ್ತೂರೊಂದೇ ಬೆಳಗಾವಿಗೂ ಧಾರವಾಡಕ್ಕೂ ಸಲೀಸು. ಚಕ್ಕಡಿಯ ಕಾಲದಲ್ಲಿ ಈ ದೂರ ದಿನಗಳಲ್ಲಿ ಅಳೆಯುವಂಥದ್ದಾಗಿತ್ತು.

ಇದೇ ಅವಧಿಯಲ್ಲಿ ಹೊರಜಗತ್ತಿನಲ್ಲಿ ದಂತವೈದ್ಯ ಪೂರ್ಣ ಪ್ರಮಾಣದ ಶಾಸ್ತ್ರವಾಗಿ ಬೆಳೆಯಿತು. 1846ರಲ್ಲಿ ಬಾಸ್ಟನ್ ನಗರದಲ್ಲಿ ಈಥರಿನ ಅರಿವಳಿಕೆಯನ್ನು ಸಾರ್ವಜನಿಕವಾಗಿ ತೋರಿಸಿದ ವಿಲಿಯಂ ಮಾರ್ಟನ್ ದಂತವೈದ್ಯನೇ ಆಗಿದ್ದ. ಇಡೀ ಶಸ್ತ್ರವೈದ್ಯಕ್ಕೆ ಹೊಸ ಬಾಳು ಕೊಟ್ಟ ಕೊಡುಗೆ ಹಲ್ಲಿನ ಕುರ್ಚಿಯ ಬಳಿಯಿಂದ ಬಂದಿತೆಂಬುದನ್ನು ಮರೆಯಬಾರದು. ಭಾರತದಲ್ಲಿ ಡಾ. ರಫಿಯುದ್ದೀನ್ ಅಹ್ಮದ್ ಅವರು 1920ರಲ್ಲಿ ಕಲಕತ್ತೆಯಲ್ಲಿ ದೇಶದ ಮೊದಲ ದಂತ ಕಾಲೇಜನ್ನು ಸ್ಥಾಪಿಸಿದರು. ಬೆಳಗಾವಿ ಆಗ ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯಲ್ಲಿ 1933ರಲ್ಲಿ ನಾಯರ್ ಆಸ್ಪತ್ರೆಯ ದಂತ ಕಾಲೇಜು ಆರಂಭವಾಯಿತು. ಆದರೂ 1946ರ ಭೋರ್ ಸಮಿತಿಯ ವರದಿ ಬಂದಾಗ ಬ್ರಿಟಿಷ್ ಭಾರತದಲ್ಲಿ ಸುಮಾರು 3 ಲಕ್ಷ ಜನರಿಗೆ ಒಬ್ಬ ಅರ್ಹ ದಂತವೈದ್ಯನಿದ್ದ. ಆ ಲೆಕ್ಕವನ್ನು ಈ ಸೀಮೆಗೆ ಹೊಂದಿಸಿ ನೋಡಿದರೆ, 1901ರಲ್ಲಿ 40 ಸಾವಿರಕ್ಕೂ ಕಡಿಮೆ ಪ್ರಜೆಗಳಿದ್ದ ರಾಮದುರ್ಗದಂಥ ಸಂಸ್ಥಾನಗಳು ಐದಾರು ಕೂಡಿದರೂ ಒಬ್ಬ ದಂತವೈದ್ಯನ ಪಾಲು ಪೂರ್ತಿಯಾಗುತ್ತಿರಲಿಲ್ಲ.

1948ರ ಮಾರ್ಚ್ 8ರಂದು ರಾಮದುರ್ಗ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. ಅದೇ ತಿಂಗಳ 29ರಂದು ದಂತವೈದ್ಯರ ಕಾಯಿದೆ ಜಾರಿಗೆ ಬಂದಿತು. ಈ ಕಾಯಿದೆ ದಂತವೈದ್ಯರ ನೋಂದಣಿಯನ್ನು ಎರಡು ಭಾಗಗಳಾಗಿ ಮಾಡಿತು. ಮಾನ್ಯ ಪದವಿಯುಳ್ಳವರು ಎ ಭಾಗದಲ್ಲಿ, ಪದವಿಯಿಲ್ಲದಿದ್ದರೂ ಕನಿಷ್ಠ ಐದು ವರ್ಷಗಳಿಂದ ಈ ವೃತ್ತಿಯನ್ನೇ ನಡೆಸುತ್ತಿದ್ದವರು ಬಿ ಭಾಗದಲ್ಲಿ ಸೇರಬಹುದಾಗಿತ್ತು. ನುರಿತ ಪಾರಂಪರಿಕ ಕೈಗಳನ್ನು ಒಮ್ಮೆಲೇ ಹೊರದಬ್ಬದ ಈ ಏರ್ಪಾಡು ವಿವೇಕದ್ದೇ. ಆದರೆ ಅದು ನೆಲೆಯೂರಿ ವೃತ್ತಿ ನಡೆಸುತ್ತಿದ್ದ, ಕಾಗದಪತ್ರ ತೋರಿಸಬಲ್ಲ ನಗರದವರಿಗೆ ಅನುಕೂಲವಾಯಿತೇ ಹೊರತು ಸಂತೆಯಿಂದ ಸಂತೆಗೆ ನಡೆಯುವವರಿಗಲ್ಲ. ಅಂಥವರು ಕಾನೂನಿನ ಹೊರಗುಳಿದರು, ಅವರ ಬಳಿಗೆ ಹೋಗುವ ಬಡವರೂ ಅವರ ಹಿಂದೆಯೇ ಹೊರಗುಳಿದರು. ಅದೇ ವರ್ಷದ ಜುಲೈಯಲ್ಲಿ ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಹಲ್ಲಿನ ಚಿಕಿತ್ಸೆಯನ್ನೂ ಉಚಿತವಾಗಿ ಸೇರಿಸಿತು. ಕಟ್ಟಿಸುವ ಹಲ್ಲಿಗಾಗಿ ನೆರೆದ ಜನರ ಸಂಖ್ಯೆ ಅಂದಾಜುಗಳನ್ನೆಲ್ಲ ಮೀರಿದ್ದರಿಂದ 1951ರಲ್ಲಿ ಅದಕ್ಕೆ ಶುಲ್ಕ ವಿಧಿಸಬೇಕಾಯಿತು, ಅದನ್ನು ಪ್ರತಿಭಟಿಸಿ ಆ ಸೇವೆಯ ಶಿಲ್ಪಿ ಅನೈರಿನ್ ಬೆವನ್ ಮಂತ್ರಿಪದವನ್ನೇ ಬಿಟ್ಟರು. ಹಲ್ಲಿಲ್ಲದ ಬಾಯಿ ಎಷ್ಟು ದೊಡ್ಡ ಸಾರ್ವಜನಿಕ ಕೊರತೆಯೆಂಬುದು ಬಾಗಿಲು ತೆರೆದಾಗಲಷ್ಟೇ ಗೊತ್ತಾಗುತ್ತದೆಂಬುದಕ್ಕೆ ಇದು ಸಾಕ್ಷಿ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಎರಡು ವರ್ಷಗಳ ನಂತರ ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು, 1965ರಲ್ಲಿ ಮಣಿಪಾಲದಲ್ಲಿ ಖಾಸಗಿ ಕಾಲೇಜು ಬಂದವು. ಎರಡೂ ಮಲಪ್ರಭೆಗೆ ಬಲು ದೂರ. ಹತ್ತಿರದ ಬದಲಾವಣೆಯ ಬೀಜ ಇದಕ್ಕೂ ಎಷ್ಟೋ ಮೊದಲು ಇದೇ ಸೀಮೆಯಲ್ಲಿ ಬಿದ್ದಿತ್ತು. ಸವದತ್ತಿ ತಾಲ್ಲೂಕಿನ ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಸ್ವತ್ತನ್ನು ಮರಣಪತ್ರದ ಮೂಲಕ ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋಗಿದ್ದರು. ಆ ಟ್ರಸ್ಟಿನ ನೆರವಿನಿಂದ ಉತ್ತರ ಕರ್ನಾಟಕದ ಹಲವು ತಲೆಮಾರು ಓದಿತು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆ.ಎಲ್.ಇ., 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಇದೇ ಸಂಸ್ಥೆ 1963ರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನೂ 1985ರಲ್ಲಿ ದಂತ ಕಾಲೇಜನ್ನೂ ಕಟ್ಟಿತು. ಮರುವರ್ಷ ಧಾರವಾಡದ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತ ಕಾಲೇಜು ಆರಂಭವಾಯಿತು. ಹೀಗೆ ಎರಡು ವರ್ಷಗಳೊಳಗೆ ಈ ಸೀಮೆಯ ಎರಡೂ ಬದಿಗೆ ಒಂದೊಂದು ದೊಡ್ಡ ದಂತ ಆಸ್ಪತ್ರೆ ಬಂದಿತು. ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳು ಬೇಕಾಗುವುದರಿಂದ ಇಂಥ ಕಾಲೇಜುಗಳಲ್ಲಿ ಚಿಕಿತ್ಸೆಯ ದರ ಖಾಸಗಿ ದವಾಖಾನೆಗಳಿಗಿಂತ ಕಡಿಮೆಯಿರುವುದು ವಾಡಿಕೆ. ಶಿರಸಂಗಿಯಂಥ ಹಳ್ಳಿಯ ಹೊಲಗಳ ಆದಾಯದಿಂದ ಬೆಳೆದ ವಿದ್ಯೆ ನಗರದಲ್ಲಿ ನೆಲೆಯಾಯಿತು, ಹಳ್ಳಿ ಅದನ್ನು ಹುಡುಕಿಕೊಂಡು ನಗರಕ್ಕೆ ಹೋಗಬೇಕಾಯಿತು ಎಂಬುದು ಈ ಚರಿತ್ರೆಯಲ್ಲಿ ನೋವಿನ ಸಂಗತಿ. ಆದರೆ ಆ ವಿದ್ಯೆ ಬೆಂಗಳೂರು, ಮುಂಬಯಿಗಳಲ್ಲಿ ಉಳಿಯದೆ ಒಂದು ದಿನದ ಬಸ್ಸಿನ ದಾರಿಗೆ ಬಂದದ್ದು ಸಣ್ಣ ಲಾಭವಲ್ಲ.

ಆ ಒಂದು ದಿನದ ದಾರಿಯ ಅರ್ಥಶಾಸ್ತ್ರವನ್ನು ಬಿಡಿಸಿ ನೋಡಬೇಕು. ತಿರುಳಿಗೆ ಸೋಂಕು ತಗಲಿದ ಹಲ್ಲನ್ನು ಉಳಿಸುವ ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಕೊಳೆತ ತಿರುಳನ್ನು ತೆಗೆದು, ಬೇರಿನೊಳಗಿನ ನಾಳವನ್ನು ಶುದ್ಧಮಾಡಿ, ತುಂಬಿ, ಮೇಲೆ ಕವಚ ಹಾಕುತ್ತಾರೆ. ಇದಕ್ಕೆ ಹಲವು ಸಲ ಹೋಗಬೇಕಾಗುವುದು ಸಾಮಾನ್ಯ. ಹಲ್ಲು ಕೀಳುವುದಾದರೆ ಒಂದೇ ಸಲ ಸಾಕು. ರಾಮದುರ್ಗದ ಕೈಮಗ್ಗದ ನೇಕಾರನಿಗಾಗಲಿ ಸವದತ್ತಿಯ ಹೊಲದ ಕೂಲಿಗಾಗಲಿ ಪ್ರತಿ ಭೇಟಿಯೂ ಬಸ್ಸಿನ ದುಡ್ಡಿನ ಜೊತೆಗೆ ಒಂದು ದಿನದ ದುಡಿಮೆಯನ್ನು ಕಳೆಯುತ್ತದೆ. ಹೆಂಗಸಾದರೆ ಜೊತೆಗೆ ಬರುವವರ ದುಡಿಮೆಯೂ ಹೋಗುತ್ತದೆ. ಆದ್ದರಿಂದ ಉಳಿಸಬಹುದಾದ ಹಲ್ಲನ್ನು ಕೀಳಿಸುವ ತೀರ್ಮಾನ ಅಜ್ಞಾನದಿಂದ ಹುಟ್ಟಿದ್ದಲ್ಲ, ಲೆಕ್ಕದಿಂದ ಹುಟ್ಟಿದ್ದು. ಹಳ್ಳಿಯವರಿಗೆ ಹಲ್ಲಿನ ಬೆಲೆ ಗೊತ್ತಿಲ್ಲವೆಂದು ನಗರದ ವೈದ್ಯರು ಹೇಳುವ ಮಾತು ಈ ಲೆಕ್ಕವನ್ನು ನೋಡದೆ ಆಡಿದ್ದು. ಕೀಳಿಸಿದ ಹಲ್ಲಿನ ಜಾಗಕ್ಕೆ ಅಕ್ಕಪಕ್ಕದವು ವಾಲುತ್ತವೆ, ಎದುರಿನದು ಇಳಿಯುತ್ತದೆ, ಅಗಿಯುವ ಕೆಲಸ ಒಂದೇ ಬದಿಗೆ ಬೀಳುತ್ತದೆ. ಒಂದು ಹಲ್ಲಿನ ನಷ್ಟ ಮುಂದಿನ ಹಲ್ಲುಗಳ ನಷ್ಟಕ್ಕೆ ದಾರಿಯಾಗುತ್ತದೆ.

ಈ ನಡುವೆ ಊಟವೂ ಬದಲಾಯಿತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಸಿದ್ಧವಾದ ಮೇಲೆ ಕಾಲುವೆಯ ನೀರು ಹರಿಯಿತು, ಎಂ.ಕೆ. ಹುಬ್ಬಳ್ಳಿ, ಮುನವಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು. ಹುಳುಕು ಹೆಚ್ಚಲು ಕಬ್ಬಿನ ಹೊಲ ಕಾರಣವಲ್ಲ. ಕೈಯಲ್ಲಿ ಓಡಾಡಿದ ಹಣ, ದಿನಕ್ಕೆ ಹಲವು ಬಾರಿಯ ಸಕ್ಕರೆ ಚಹಾ, ಅಂಗಡಿಯ ಬಿಸ್ಕೀಟು, ಮಕ್ಕಳ ಕೈಯ ಚಾಕಲೇಟು ಕಾರಣ. ಸಿಹಿಯನ್ನು ಒಟ್ಟು ಎಷ್ಟು ತಿಂದರೆಂಬುದರಷ್ಟೇ, ದಿನದಲ್ಲಿ ಎಷ್ಟು ಸಲ ತಿಂದರೆಂಬುದೂ ಹಲ್ಲಿಗೆ ಮುಖ್ಯ, ಏಕೆಂದರೆ ಪ್ರತಿ ಸಲವೂ ಆಮ್ಲ ಹೊಸದಾಗಿ ಹುಟ್ಟುತ್ತದೆ. ಹಬ್ಬಕ್ಕೊಮ್ಮೆ ಹೊಟ್ಟೆತುಂಬ ಹೋಳಿಗೆ ತಿಂದವರಿಗಿಂತ ದಿನವಿಡೀ ಗುಟುಕು ಗುಟುಕಾಗಿ ಸಿಹಿ ಚಹಾ ಕುಡಿಯುವವರ ಹಲ್ಲಿಗೆ ಅಪಾಯ ಹೆಚ್ಚು. ಟೂತ್‌ಪೇಸ್ಟಿನಲ್ಲಿರುವ ಫ್ಲೋರೈಡ್ ಎಂಬ ಲವಣ ಎನಾಮಲ್ಲನ್ನು ಗಟ್ಟಿಗೊಳಿಸಿ ಈ ಅಪಾಯವನ್ನು ತಗ್ಗಿಸುತ್ತದೆ. ಅದೇ ಲವಣ ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಂದು ಕಲೆಗಳನ್ನೂ, ಇನ್ನೂ ಹೆಚ್ಚಾದರೆ ಎಲುಬಿನಲ್ಲಿ ಬಿಗಿತವನ್ನೂ ತರುತ್ತದೆ. ನೆರೆಯ ಗದಗ ಜಿಲ್ಲೆಯ ಮುಂಡರಗಿಯ ಸುತ್ತ ಕೊಳವೆಬಾವಿಯ ನೀರು ಇದನ್ನು ಧಾರಾಳವಾಗಿ ತೋರಿಸಿಕೊಟ್ಟಿದೆ. ಆದ್ದರಿಂದ ಕೊಳವೆಬಾವಿಯನ್ನು ನೆಚ್ಚಿದ ಒಣ ಹಳ್ಳಿಗಳಿಗೆ ನದಿಯ ನೀರಿನ ಯೋಜನೆ ಹಲ್ಲಿನ ಯೋಜನೆಯೂ ಹೌದು.

ಬಾಯಿಯ ರೋಗ ಬಾಯಿಯಲ್ಲಿಯೇ ನಿಲ್ಲುತ್ತದೆಂಬ ಭಾವನೆ ಆಡಳಿತದಲ್ಲಿ ಬಹುಕಾಲ ಇತ್ತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್, ಕೊಳೆತ ಬಾಯಿಯೇ ದೇಹದ ಹಲವು ರೋಗಗಳ ಮೂಲವೆಂದು ವಾದಿಸಿದಾಗ ಉತ್ಸಾಹ ಮಿತಿಮೀರಿ, ಪಶ್ಚಿಮದ ದೇಶಗಳಲ್ಲಿ ಒಳ್ಳೆಯ ಹಲ್ಲುಗಳನ್ನೂ ಸಾಲುಸಾಲಾಗಿ ಕಿತ್ತರು. ಆ ವಾದ ಕುಸಿದ ಮೇಲೆ ಬಾಯಿಗೂ ದೇಹಕ್ಕೂ ನಂಟೇ ಇಲ್ಲವೆಂಬ ಇನ್ನೊಂದು ಅತಿಗೆ ವೈದ್ಯಲೋಕ ಹೊರಳಿತು. ಈಗ ಸ್ಥಿರವಾಗಿರುವ ಅರಿವು ಇವೆರಡರ ನಡುವಿನದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಒಸಡಿನ ರೋಗ ಬೇಗ ಉಲ್ಬಣಿಸುತ್ತದೆ, ಒಸಡಿನ ಸೋಂಕು ರಕ್ತದ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ಇದು ಎರಡು ದಿಕ್ಕಿನ ನಂಟು. ಹೃದಯದ ಕವಾಟ ಮೊದಲೇ ಹಾಳಾದವರಲ್ಲಿ ಬಾಯಿಯ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರಿ ಕವಾಟದಲ್ಲಿ ಪ್ರಾಣಾಂತಿಕ ಸೋಂಕನ್ನು ಹುಟ್ಟಿಸಬಲ್ಲವು. ಬಸುರಿಯರ ಒಸಡಿನ ರೋಗಕ್ಕೂ ಅವಧಿಗೆ ಮೊದಲೇ ಆಗುವ ಹೆರಿಗೆಗೂ ಸಂಬಂಧ ಕಂಡುಬಂದಿದ್ದರೂ, ಬಸುರಿಯಲ್ಲಿ ಒಸಡಿಗೆ ಚಿಕಿತ್ಸೆ ಕೊಟ್ಟರೆ ಅಂಥ ಹೆರಿಗೆ ತಗ್ಗುತ್ತದೆಂಬುದು ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಸಿದ್ಧವಾಗಲಿಲ್ಲ. ಆ ಚಿಕಿತ್ಸೆ ತಾಯಿಗೆ ಅಪಾಯವಿಲ್ಲದ್ದೆಂಬುದು ಮಾತ್ರ ಸಿದ್ಧವಾಯಿತು. ಇವೆಲ್ಲಕ್ಕಿಂತ ಸರಳವಾದ ಸಂಗತಿಯೊಂದಿದೆ: ಹಲ್ಲಿಲ್ಲದ ಮುದುಕರು ಜೋಳದ ರೊಟ್ಟಿಯನ್ನೂ ಹಸಿ ತರಕಾರಿಯನ್ನೂ ಬಿಟ್ಟು, ಸಾರಿನಲ್ಲಿ ನೆನೆಸಿದ ಅನ್ನಕ್ಕೂ ಚಹಾದಲ್ಲಿ ಅದ್ದಿದ ಬ್ರೆಡ್ಡಿಗೂ ಇಳಿಯುತ್ತಾರೆ. ರೊಟ್ಟಿಯ ನಾಡಿನಲ್ಲಿ ಹಲ್ಲು ಕಳೆದುಕೊಳ್ಳುವುದೆಂದರೆ ತನ್ನ ಊಟವನ್ನೇ ಕಳೆದುಕೊಳ್ಳುವುದು.

ಬಾಯಿ ಕ್ಯಾನ್ಸರಿನ ಮಾತು ಬೇರೆಯದೇ ತೂಕದ್ದು. 2020ರಲ್ಲಿ ಜಗತ್ತಿನಲ್ಲಿ ಕಂಡುಬಂದ ಸುಮಾರು 3.78 ಲಕ್ಷ ತುಟಿ ಮತ್ತು ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು 1.36 ಲಕ್ಷ ಮಂದಿ ಭಾರತದವರು. 2016–17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅಡಿಕೆ ಮಾತ್ರವೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ನಿರ್ಣಯಿಸಿತು. ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಅಗಲಿಸಲಾಗದಂತೆ ಮಾಡುವ ಕಾಯಿಲೆ 1950ರ ದಶಕದ ಆರಂಭದಲ್ಲಿಯೇ ಮುಂಬಯಿ ಪ್ರಾಂತದ ವೈದ್ಯ ಎಸ್.ಜಿ. ಜೋಶಿಯವರ ಬರೆಹದಲ್ಲಿ ಸೇರಿತ್ತು. ಗುಟ್ಕಾ ಪೊಟ್ಟಣಗಳು ಬಂದ ಮೇಲೆ ಅದು ಹದಿಹರೆಯದವರ ಕಾಯಿಲೆಯೂ ಆಯಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಪಾನ್ ಮಸಾಲೆಯೂ ತಂಬಾಕೂ ಬೇರೆ ಬೇರೆ ಪೊಟ್ಟಣಗಳಾಗಿ ಒಂದೇ ಅಂಗಡಿಯಲ್ಲಿ ತೂಗಾಡತೊಡಗಿದವು. ಬಾಯಿಯ ಬಿಳಿಮಚ್ಚೆ, ಕೆಂಪುಮಚ್ಚೆಗಳು ಕ್ಯಾನ್ಸರ್ ಆಗುವ ಮೊದಲೇ ಬರಿಗಣ್ಣಿಗೆ ಕಾಣುತ್ತವೆ. ಹಲ್ಲಿನ ವೈದ್ಯರೇ ಅವನ್ನು ಮೊದಲು ನೋಡಬೇಕಾದವರು, ಆದರೆ ನೋವಿಲ್ಲದ ಮಚ್ಚೆಗಾಗಿ ಯಾರೂ ನೂರು ಕಿಲೋಮೀಟರ್ ಹೋಗುವುದಿಲ್ಲ.

ಸರ್ಕಾರದ ವ್ಯವಸ್ಥೆ ಈ ದೂರವನ್ನು ತಡವಾಗಿಯಾದರೂ ಗುರುತಿಸಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ಆರೋಗ್ಯ ಅಧಿಕಾರಿಯ ಹುದ್ದೆ ಬಂದಿತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ ಅಂಗನವಾಡಿಗಳಲ್ಲಿ ಮಕ್ಕಳ ಹಲ್ಲನ್ನೂ ನೋಡತೊಡಗಿದವು. 2014–15ರಲ್ಲಿ ಕೇಂದ್ರದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವೂ, ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಹಲ್ಲಿನ ಸೆಟ್ಟನ್ನು ಉಚಿತವಾಗಿ ಕಟ್ಟಿಕೊಡುವ ಕರ್ನಾಟಕದ ‘ದಂತಭಾಗ್ಯ’ ಯೋಜನೆಯೂ ಬಂದವು. ದಂತಭಾಗ್ಯಕ್ಕೆ ದಂತ ಕಾಲೇಜುಗಳ ಸಹಕಾರವನ್ನು ಪಡೆದದ್ದು ಜಾಣತನದ ಕ್ರಮ. ಆದರೂ ಸೆಟ್ಟು ಕಟ್ಟುವುದಕ್ಕೂ ಅಳತೆ, ಕಚ್ಚುವ ಮಟ್ಟ, ಒಪ್ಪ ಎಂದು ಹಲವು ಭೇಟಿಗಳು ಬೇಕು. ಬಸ್ಸು ಹತ್ತಲಾರದ ಅಜ್ಜಿಗೆ ಚಿಕಿತ್ಸೆ ಉಚಿತವಾದರೂ ದಾರಿ ಉಚಿತವಾಗಿರಲಿಲ್ಲ. 2023ರಲ್ಲಿ ಆರಂಭವಾದ ಶಕ್ತಿ ಯೋಜನೆ ರಾಜ್ಯದೊಳಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣವನ್ನು ಉಚಿತಗೊಳಿಸಿ ಆ ಲೆಕ್ಕದ ಒಂದು ಸಾಲನ್ನು ಬದಲಾಯಿಸಿತು. ಆರೋಗ್ಯಕ್ಕೆಂದು ರೂಪಿಸದ ಈ ಯೋಜನೆ ಈ ಸೀಮೆಯ ಹೆಂಗಸರಿಗೆ ಎರಡನೆಯ, ಮೂರನೆಯ ಭೇಟಿಯನ್ನು ಸಾಧ್ಯವಾಗಿಸಿದೆಯೇ ಎಂಬುದು ದಂತ ಕಾಲೇಜುಗಳ ಹೊರರೋಗಿ ವಿಭಾಗಗಳಲ್ಲಿ ಎಣಿಸಿ ನೋಡಲು ಯೋಗ್ಯವಾದ ಪ್ರಶ್ನೆ.

ಹಳ್ಳಿಯ ಮಟ್ಟದಲ್ಲಿಯೇ ನುರಿತ ಕೈಯನ್ನು ಸಿದ್ಧಗೊಳಿಸಬಹುದೆಂಬುದಕ್ಕೆ ಈ ಜಿಲ್ಲೆಯೇ ಜಗತ್ತಿಗೆ ಪುರಾವೆ ಕೊಟ್ಟಿದೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಸಹಾಯಕ ದಾದಿಯರ ಕೈಯಿಂದಲೇ ಕೊಡಿಸಿ, ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಹವರ್ತಿಗಳೊಡನೆ ನಡೆಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1620 ತಾಯಂದಿರ ಆ ಅಧ್ಯಯನದಲ್ಲಿ ರಕ್ತಸ್ರಾವದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಹಲ್ಲಿಗೂ ಅಂಥ ಸರಳ ಸಾಧನಗಳಿವೆ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡ ಪದ್ಧತಿಯಲ್ಲಿ ವಿದ್ಯುತ್ತೂ ಯಂತ್ರವೂ ಇಲ್ಲದೆ ಕೈಸಲಕರಣೆಯಿಂದಲೇ ಹುಳುಕನ್ನು ಕೆರೆದು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟನ್ನು ತುಂಬುತ್ತಾರೆ. ಹಚ್ಚಿದ ಜಾಗ ಕಪ್ಪಾದರೂ ಹುಳುಕನ್ನು ಅಲ್ಲಿಗೇ ನಿಲ್ಲಿಸುವ ಸಿಲ್ವರ್ ಡೈಅಮೀನ್ ಫ್ಲೋರೈಡ್ ದ್ರವವನ್ನು ಒಂದು ಕುಂಚದಿಂದ ಹಚ್ಚಬಹುದು. ಆ ಸಿಮೆಂಟನ್ನೂ ಈ ದ್ರವವನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಹೆಸರು ಬದಲಿಸಿಕೊಂಡಿರುವ ಉಪಕೇಂದ್ರಗಳ ಸೇವಾಪಟ್ಟಿಯಲ್ಲಿ ಬಾಯಿಯ ಪ್ರಾಥಮಿಕ ಆರೈಕೆ ಸೇರಿದೆ. ಮೂವತ್ತು ದಾಟಿದವರ ಬಾಯಿಯನ್ನು ಕ್ಯಾನ್ಸರಿನ ಗುರುತಿಗಾಗಿ ನೋಡುವುದು ಅಲ್ಲಿನ ಸಿಬ್ಬಂದಿಯ ಕೆಲಸವಾಗಿದೆ. ಅಲ್ಲಿ ಕಂಡ ಮಚ್ಚೆಯನ್ನು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಪರೀಕ್ಷಿಸಬೇಕು, ಅವರು ಶಂಕಿಸಿದರೆ ಚೂರು ತೆಗೆದು ಪರೀಕ್ಷಿಸಲು ಬೆಳಗಾವಿಗೋ ಧಾರವಾಡಕ್ಕೋ ಹುಬ್ಬಳ್ಳಿಗೋ ಕಳಿಸಬೇಕು. ಈ ಸರಪಳಿಯಲ್ಲಿ ತಾಲ್ಲೂಕಿನ ಕೊಂಡಿಯೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಉಪಕೇಂದ್ರದಿಂದ ನೇರವಾಗಿ ನಗರಕ್ಕೆ ಬರೆದುಕೊಟ್ಟ ಚೀಟಿ ಹಿಡಿದು ಹೋಗುವವರು ಕೆಲವರಾದರೆ, ಸಂತೆಯ ದಿನ ಬೈಲಹೊಂಗಲಕ್ಕೋ ಸವದತ್ತಿಗೋ ಬಂದಾಗ ದವಾಖಾನೆಗೂ ಹೋಗಿಬರಬಲ್ಲವರು ಹಲವರು. ಸವದತ್ತಿಯಿಂದ ಯರಗಟ್ಟಿ, ಬೈಲಹೊಂಗಲದಿಂದ ಕಿತ್ತೂರು ಪ್ರತ್ಯೇಕ ತಾಲ್ಲೂಕುಗಳಾಗಿರುವುದರಿಂದ ಅಂಥ ಎರಡು ಹೊಸ ಕೊಂಡಿಗಳಿಗೆ ಜಾಗ ಒದಗಿದೆ. ತಹಸೀಲ್ದಾರರ ಕಚೇರಿಯ ಜೊತೆಗೆ ಹಲ್ಲಿನ ಕುರ್ಚಿ, ಎಕ್ಸ್‌ರೇ ಯಂತ್ರ ಮತ್ತು ಅವುಗಳನ್ನು ಬಳಸಬಲ್ಲ ಕಾಯಂ ವೈದ್ಯರೂ ಅಲ್ಲಿಗೆ ಬಂದರೆ, ರಾಮದುರ್ಗದ ದಾರಿಯಲ್ಲಿರುವ ಯರಗಟ್ಟಿಯ ಸುತ್ತಲಿನ ಹಳ್ಳಿಗಳಿಗೆ ರೂಟ್ ಕೆನಾಲ್‌ನ ಎರಡನೆಯ ಭೇಟಿಗಾಗಿ ದಿನದ ಕೂಲಿ ಬಿಡುವ ಅಗತ್ಯ ಇರುವುದಿಲ್ಲ.